ರಷ್ಯದಲ್ಲಿ ನಾನು ಕಂಡ ಆರು ಗುಂಟೆ

(ರೈತರ ತರಬೇತಿ ಶಿಬಿರದಲ್ಲಿ ಹಾಸನ ಜಿಲ್ಲೆಯ ಆಲೂಗೆಡ್ಡೆ ಬೆಳೆಗಾರರೊಬ್ಬರು ಮಾಡಿದ ಭಾಷಣ)



ಹದಿನೈದನೆಯ ಶತಮಾನದಲ್ಲಿ ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಸಮುದ್ರ ದಾಟಿ ಬಂದು ನಮ್ಮ ಬೀದರಿನಲ್ಲಿ ತನ್ನ ಕುದುರೆಯನ್ನು ಮಾರಿದ; ಕಂಡದ್ದನ್ನೆಲ್ಲ ಬರೆದೂ ಇಟ್ಟ. ಅದೇ ತ್ವೇರಿಗೆ ನಾನು 2018ರ ಆಗಸ್ಟ್ ಕೊನೆಯಲ್ಲಿ ಹೋದೆ. ನನ್ನ ಬಳಿ ಮಾರಲು ಕುದುರೆ ಇರಲಿಲ್ಲ. ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಳು, ನೋಡಿ ಬರಲು ಹೋದವನು. ನಾನು ಪಂಡಿತನಲ್ಲ, ಆಲೂಗೆಡ್ಡೆ ಬೆಳೆಯುವವನು. ಆದ್ದರಿಂದ ಅರಮನೆಗಳ ವರ್ಣನೆಯನ್ನು ನನ್ನಿಂದ ನಿರೀಕ್ಷಿಸಬೇಡಿ.

ಮಾಸ್ಕೋ ನಗರದಲ್ಲಿ ನೆಲದಡಿಯ ರೈಲು 1935ರಿಂದ ಓಡುತ್ತಿದೆ. ನಿಲ್ದಾಣಗಳಿಗೆ ಅಮೃತಶಿಲೆ ಹೊದಿಸಿ ದೀಪದ ಗೊಂಚಲು ತೂಗುಹಾಕಿದ್ದಾರೆ. ನನ್ನ ಕಣ್ಣು ಹೋದದ್ದು ಮಾತ್ರ ಪ್ರಯಾಣಿಕರ ಕೈಯಲ್ಲಿದ್ದ ಬಕೇಟುಗಳ ಮೇಲೆ. ಒಬ್ಬರ ಬಕೇಟಿನಲ್ಲಿ ಸೇಬು, ಇನ್ನೊಬ್ಬರದರಲ್ಲಿ ಕಾಡಿನ ಅಣಬೆ. ಕಚೇರಿಯ ಉಡುಪಿನಲ್ಲಿದ್ದ ಹೆಂಗಸೊಬ್ಬರು ಗುದ್ದಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದರು. ಹೊರಗೆ ಮುದುಕಿಯರು ಸೌತೆಕಾಯಿ, ಸಬ್ಬಸಿಗೆ ಮಾರುತ್ತಿದ್ದರು. ಹೌದು, ನಮ್ಮ ಸಬ್ಬಸಿಗೆ ಸೊಪ್ಪೇ. ಬೇಯಿಸಿದ ಆಲೂಗೆಡ್ಡೆಗೆ ಬೆಣ್ಣೆ ಹಾಕಿ ಮೇಲೆ ಅದನ್ನು ಹೆಚ್ಚಿ ಉದುರಿಸುತ್ತಾರೆ. ಆ ದೇಶದಲ್ಲಿ ನನಗೆ ಊಟದ ತೊಂದರೆ ಆಗದಿದ್ದುದು ಇದರಿಂದಲೇ.

ಬಕೇಟುಗಳ ಗುಟ್ಟು ತ್ವೇರಿನಲ್ಲಿ ತಿಳಿಯಿತು. ಮಗಳು ಬಾಡಿಗೆಗಿದ್ದ ಮನೆಯ ಒಡತಿ ಭಾನುವಾರ ನಮ್ಮನ್ನು ತಮ್ಮ ‘ದಾಚಾ’ಕ್ಕೆ ಕರೆದೊಯ್ದರು. ದಾಚಾ ಎಂದರೆ ಊರ ಹೊರಗಿನ ತೋಟ, ಅದರಲ್ಲೊಂದು ಸಣ್ಣ ಮರದ ಮನೆ. ಎರಡನೆಯ ಮಹಾಯುದ್ಧದ ನಂತರ ನಗರದ ಕೆಲಸಗಾರರಿಗೆ ಇಂಥ ತುಂಡು ನೆಲಗಳನ್ನು ಹಂಚಿದರು. ಸಾಮಾನ್ಯ ಅಳತೆ ಆರು ‘ಸೋತ್ಕ’. ಒಂದು ಸೋತ್ಕಕ್ಕೆ 100 ಚದರ ಮೀಟರು. ನಮ್ಮ ಗುಂಟೆಗೆ 101. ಅಂದರೆ ಹೆಚ್ಚುಕಡಿಮೆ ಆರು ಗುಂಟೆ! 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು, ಮರುವರ್ಷ ಬೆಲೆಗಳು ಮಿತಿಮೀರಿ ಏರಿ, ಸಂಬಳ ತಿಂಗಳುಗಟ್ಟಲೆ ಬಾರದಿದ್ದ ಕಾಲದಲ್ಲಿ ತಮ್ಮ ಮನೆಯವರು ಚಳಿಗಾಲ ಕಳೆದದ್ದು ಈ ಆರು ಗುಂಟೆಯ ಗೆಡ್ಡೆಯಿಂದ ಎಂದು ಆಕೆ ಹೇಳಿದರು.

ಅವರೂ ನಮ್ಮಂತೆ ಮೇ ತಿಂಗಳಲ್ಲೇ ನೆಡುತ್ತಾರೆ. ನಾವು ಮಳೆಗೆ ಕಾಯುತ್ತೇವೆ, ಅವರು ನೆಲ ಬೆಚ್ಚಗಾಗಲು ಕಾಯುತ್ತಾರೆ. ಗುಣಿಗೊಂದು ಹಿಡಿ ಒಲೆಬೂದಿ. ಎಲೆ ತಿನ್ನುವ ಕೊಲೊರಾಡೊ ದುಂಬಿಯನ್ನು (ಈ ಪೀಡೆ ನಮ್ಮಲ್ಲಿಲ್ಲ, ಬಾರದಿರಲಿ) ಕೈಯಿಂದಲೇ ಆರಿಸಿ ಡಬ್ಬಿಗೆ ಹಾಕುತ್ತಾರೆ. ಕಿತ್ತಾಗ ಕೋಳಿಮೊಟ್ಟೆ ಗಾತ್ರದ ಗೆಡ್ಡೆಗಳನ್ನು ಬೇರೆ ತೆಗೆದು, ಬೆಳಕಿಗೆ ಹರಡಿ ಹಸಿರಾಗಿಸಿ, ನೆಲಮಾಳಿಗೆಗೆ ಇಳಿಸುತ್ತಾರೆ. ಅದೇ ಬರುವ ವರ್ಷದ ಬೀಜ. ಪ್ರತಿ ವರ್ಷ ಜಲಂಧರದ ಬಿತ್ತನೆ ಗೆಡ್ಡೆಗೆ ಹಣ ಸುರಿಯುವ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅದು ಅವರ ಚಳಿಯ ಕೃಪೆ. ನಮ್ಮ ಸೆಕೆಯಲ್ಲಿ, ನಂಜುರೋಗ ಹರಡುವ ಹೇನುಗಳ ನಡುವೆ, ನೀವೂ ಹಾಗೆ ಮಾಡಿ ಎಂದು ಹೇಳಲಾರೆ.

ಮುಂದಿನ ವಾರ ಒಡತಿಯ ತಾಯಿ ಇದ್ದ ಹಳ್ಳಿಗೆ ಹೋದೆವು. ಬಸ್ಸಿಳಿದು ಎರಡು ಮೈಲಿ ನಡಿಗೆ. ಇಕ್ಕೆಲದ ಹೊಲವೆಲ್ಲ ಬೀಳು. ಅದರ ತುಂಬ ಆಳೆತ್ತರವನ್ನೂ ಮೀರಿದ, ಕೊಡೆಯಂಥ ಬೀಜದ ಗೊಂಚಲು ಹೊತ್ತ ಗಿಡ. ನಾನು ಕೈ ಚಾಚಿದ್ದೇ ತಡ, ಒಡತಿ ಕೂಗಿಕೊಂಡರು. ಅದರ ರಸ ತಾಗಿದ ಮೈಗೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಹೆಸರು ಬೊರ್ಷೆವಿಕ್. ಕಾಕಸಸ್ ಸೀಮೆಯ ಈ ಗಿಡವನ್ನು ಯುದ್ಧಾನಂತರ ದನಗಳ ರಸಮೇವಿಗೆಂದು ವಿಜ್ಞಾನಿಗಳೇ ಶಿಫಾರಸು ಮಾಡಿ ಬೆಳೆಸಿದರು. ಒಕ್ಕಲು ಹೋದ ಮೇಲೆ ಹೊಲಕ್ಕೆ ಅದೇ ಯಜಮಾನ. ನಮ್ಮ ಪಾರ್ಥೇನಿಯಂ ಆದರೂ ಕರೆಯದೆ ಬಂದದ್ದು, ಇದು ಕರೆಸಿಕೊಂಡದ್ದು. ವೇದಿಕೆಯ ಮೇಲಿರುವ ವಿಜ್ಞಾನಿಗಳು ಬೇಸರಪಡಬಾರದು.

ಹಳ್ಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಗಳಿದ್ದವು. ದಿಮ್ಮಿಯ ಗೋಡೆ, ಕಿಟಕಿಗೆ ಕೆತ್ತನೆಯ ಚೌಕಟ್ಟು, ಒಳಗೆ ಮೇಲೆ ಹತ್ತಿ ಮಲಗುವಷ್ಟು ದೊಡ್ಡ ಇಟ್ಟಿಗೆ ಒಲೆ. ಹೊಗೆ ಕಂಡದ್ದು ಮೂರರಲ್ಲಿ ಮಾತ್ರ. ಮೊದಲು ಸಾಮೂಹಿಕ ಫಾರಮ್ಮಿನ ಕೊಟ್ಟಿಗೆ ಮುಚ್ಚಿತಂತೆ, ಆಮೇಲೆ ಶಾಲೆ, ಆಮೇಲೆ ಅಂಗಡಿ. ಈಗ ವಾರಕ್ಕೊಮ್ಮೆ ವ್ಯಾನು ರೊಟ್ಟಿ ತರುತ್ತದೆ ಎಂದರು. 2010ರ ಜನಗಣತಿಯಲ್ಲಿ ರಷ್ಯದ 1 ಲಕ್ಷ 53 ಸಾವಿರ ಹಳ್ಳಿಗಳ ಪೈಕಿ 19 ಸಾವಿರಕ್ಕೂ ಹೆಚ್ಚಿನವುಗಳಲ್ಲಿ ಒಬ್ಬ ನಿವಾಸಿಯೂ ಇರಲಿಲ್ಲ.

ಅಜ್ಜಿ ಕಪ್ಪು ರೊಟ್ಟಿ, ಉಪ್ಪುನೀರಿನಲ್ಲಿ ಹಾಕಿದ ಸೌತೆಕಾಯಿ, ಚಹಾ ಕೊಟ್ಟರು. ನನ್ನ ಅಂಗೈ ಮುಟ್ಟಿ ನೋಡಿ, ರೈತನೇ ಸರಿ ಎಂದು ನಕ್ಕರು. ಮಗಳು ಅವರ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಡುವೆ ಒಂದು ಪ್ರಶ್ನೆ ಬಂತು; ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಏನಂತೆ?” ಎಂದೆ.

“ಅಪ್ಪ, ಮಕ್ಕಳೆಷ್ಟು ಅಂತ ಕೇಳ್ತಿದ್ದಾರೆ. ಒಬ್ಬಳೇ ಮಗಳು ಅಂದೆ. ಹಾಗಾದ್ರೆ ನಿಮ್ಮ ಹೊಲ ಮುಂದೆ ಯಾರು ನೋಡ್ಕೋತಾರೆ ಅಂತಿದ್ದಾರೆ.”

ಸದ್ಯಕ್ಕೆ ನಾನೇ ಎಂದು ಹೇಳು ಎಂದೆ. ಅಜ್ಜಿ ತಲೆಯಾಡಿಸಿ ನೆಲಮಾಳಿಗೆಗೆ ಇಳಿದು, ದಾರಿಗೆಂದು ಅರ್ಧ ಬಕೇಟು ಆಲೂಗೆಡ್ಡೆ ತಂದುಕೊಟ್ಟರು. ತ್ವೇರಿನ ತನಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.