ಬಾಣಂತನಕ್ಕೂ ವೀಸಾ

ಇವತ್ತು ರಾಜಕೀಯ ಬೇಡ, ಅದು ನಾಳೆಯೂ ಇರುತ್ತೆ. ಇವತ್ತು ನಮ್ಮ ಚಿಕ್ಕಮ್ಮನ ವಿಷಯ ಹೇಳ್ತೀನಿ. ವಿಷಯ ಅವರದ್ದು, ಆದರೆ ಕೇಳ್ತಾ ಹೋದರೆ ನಿಮ್ಮ ಮನೆಯದ್ದೂ ಅನ್ನಿಸಬಹುದು. ಯಾಕಂದ್ರೆ ಇವತ್ತು ಹಾಸನ, ಮಂಡ್ಯ, ತುಮಕೂರು ಕಡೆ ಎಲ್ಲಿಗೆ ಹೋದರೂ, ಅಮೆರಿಕದಲ್ಲಿ ಮಗನೋ ಮಗಳೋ ಇರುವ ಒಂದು ಮನೆ ಸಿಕ್ಕೇ ಸಿಗುತ್ತೆ.

ಚಿಕ್ಕಮ್ಮ ಇರೋದು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತೆಂಗಿನ ತೋಟ, ಎರಡು ಸೀಮೆಹಸು, ಮಂಡಿನೋವಿನ ಚಿಕ್ಕಪ್ಪ. ಒಬ್ಬಳೇ ಮಗಳು, ಟೆಕ್ಸಾಸ್‌ನಲ್ಲಿದ್ದಾಳೆ. ಕಳೆದ ವರ್ಷ ಅವಳು ಬಸುರಿಯಾದಳು. ಚೊಚ್ಚಲ ಬಾಣಂತನ ತವರುಮನೆಯದ್ದು ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಮಗಳು ತವರಿಗೆ ಬರೋಕೆ ಆಗಲ್ಲ, ಕೆಲಸ ಇದೆ, ಡಾಕ್ಟರ್ ಅಲ್ಲೇ ಇದ್ದಾರೆ. ಹಾಗಾದ್ರೆ ತವರೇ ಮಗಳ ಹತ್ತಿರ ಹೋಗಬೇಕು. ಹೋಗೋದಕ್ಕೆ ವೀಸಾ ಬೇಕು. ಟೂರಿಸ್ಟ್ ವೀಸಾ.

ಒಂದು ದಿನ ಚಿಕ್ಕಮ್ಮ ಬೆಂಗಳೂರಿಗೆ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ಮೆಲ್ಲಗೆ ಕೇಳಿದರು. "ನಯಾಗರ ಅಂದ್ರೆ ಏನಪ್ಪಾ? ಊರಾ, ದೇವಸ್ಥಾನಾ?"

"ಯಾಕೆ ಚಿಕ್ಕಮ್ಮ?"

"ಅದನ್ನ ನೋಡೋಕೆ ಹೋಗ್ತಿದೀನಿ ಅಂತ ಹೇಳಬೇಕಂತೆ. ಏಜೆಂಟ್ ಹೇಳಿಕೊಟ್ಟವ್ನೆ. ಬಾಣಂತನ ಅಂತ ಬಾಯಿಬಿಟ್ರೆ ವೀಸಾ ಕೊಡಲ್ವಂತೆ."

ನನಗೆ ಅನುಮಾನ ಬಂತು. ಆ ಏಜೆಂಟ್‌ಗೆ ಫೋನ್ ಮಾಡಿ, ಭರ್ತಿ ಮಾಡಿದ ಅರ್ಜಿಯ ಪೂರ್ತಿ ಪ್ರತಿ ಕಳಿಸಪ್ಪಾ ಅಂದೆ. ಬಾರ್‌ಕೋಡ್ ಇರುವ ಒಂದು ಹಾಳೆ ಕಳಿಸಿದ. ಅದಲ್ಲ, ಪೂರ್ತಿ ಅರ್ಜಿ ಅಂದೆ. ಎರಡು ದಿನ ಸತಾಯಿಸಿ ಕಳಿಸಿದ. ಓದಿದೆ. ಅಮೆರಿಕದಲ್ಲಿ ನಿಮಗೆ ಹತ್ತಿರದ ಸಂಬಂಧಿಕರು ಇದ್ದಾರಾ ಅಂತ ಒಂದು ಪ್ರಶ್ನೆ ಇದೆ. ಎದುರಿಗೆ ಏನು ಬರೆದಿದ್ದಾನೆ ಗೊತ್ತಾ? "ಇಲ್ಲ." ಹೆತ್ತ ಮಗಳನ್ನೇ ಇಲ್ಲ ಅನ್ನಿಸಿಬಿಟ್ಟಿದ್ದ! ಸಾಲದ್ದಕ್ಕೆ, ಚಿಕ್ಕಮ್ಮನ ಅಕೌಂಟಿಗೆ ಹತ್ತು ಲಕ್ಷ ಹಾಕಿಸ್ತೀನಿ, ಸಂದರ್ಶನ ಮುಗಿದ ಮೇಲೆ ವಾಪಸ್ ತಗೋತೀನಿ, ಅಲ್ಲಿವರೆಗೆ ಬಡ್ಡಿ ಕೊಡಿ ಅಂತ ಬೇರೆ ಹೇಳಿದ್ದನಂತೆ.

ಈ ಡಿಎಸ್-160 ಅನ್ನೋ ಅರ್ಜಿ ಇದೆಯಲ್ಲ, ಅದನ್ನ ಯಾರು ಬೇಕಾದರೂ ತುಂಬಿಕೊಡಬಹುದು. ಆದರೆ ಇದರಲ್ಲಿರೋದೆಲ್ಲ ನಿಜ ಅಂತ ಕೊನೆಯಲ್ಲಿ ಸಹಿ ಹಾಕಬೇಕಾದವರು ಅರ್ಜಿದಾರರೇ. ತುಂಬಿದವನು ಏಜೆಂಟ್, ಉತ್ತರ ಕೊಡಬೇಕಾದವರು ಚಿಕ್ಕಮ್ಮ. ವೀಸಾ ಪಡೆಯೋದಕ್ಕೆ ಗೊತ್ತಿದ್ದೂ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಕಾನೂನಿನಲ್ಲಿ ಅದು ಬರೀ ಒಂದು ನಿರಾಕರಣೆ ಅಲ್ಲ, ಜೀವಮಾನಕ್ಕೇ ಬಾಗಿಲು ಹಾಕಬಹುದಾದ ಅಪರಾಧ. ಮೊಮ್ಮಗುವಿನ ಮುಖ ಬರೀ ಫೋನ್‌ನಲ್ಲಿ. ಆ ಏಜೆಂಟ್‌ಗೆ ಏನಾಗುತ್ತೆ? ಏನೂ ಆಗಲ್ಲ. ಅವನು ಮುಂದಿನ ಗಿರಾಕಿಗೆ ನಯಾಗರ ಹೇಳಿಕೊಡ್ತಿರ್ತಾನೆ.

ತಮಾಷೆ ಏನು ಅಂದ್ರೆ, ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಬಿ-2 ಅನ್ನೋ ಈ ವೀಸಾ ಇರೋದೇ ಊರು ನೋಡೋಕೆ, ಚಿಕಿತ್ಸೆಗೆ ಮತ್ತು ಬಂಧುಗಳನ್ನ ಕಾಣೋಕೆ. ಅಲ್ಲಿ ಹೋಗಿ ಸಂಬಳಕ್ಕೆ ಇನ್ನೊಬ್ಬರ ಮಗು ನೋಡಿಕೊಂಡರೆ ತಪ್ಪು. ಹೆತ್ತ ಮಗಳ ಹೆರಿಗೆ ಹೊತ್ತಿಗೆ ತಾಯಿ ಜೊತೆಗಿರ್ತೀನಿ ಅಂತ ಹೇಳೋದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಹಾಗಾದ್ರೆ ಜನ ಯಾಕೆ ಸುಳ್ಳು ಹೇಳ್ತಾರೆ? ಹೆದರಿಕೆಗೆ. ಆ ಹೆದರಿಕೆಗೂ ಕಾರಣ ಇದೆ, ಅದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಅಮೆರಿಕದ ವಲಸೆ ಕಾಯ್ದೆ 1952ರದ್ದು. ಅದರಲ್ಲಿ 214(ಬಿ) ಅಂತ ಒಂದು ಸೆಕ್ಷನ್ ಇದೆ. ಅದರ ಸಾರ ಇಷ್ಟು: ನಮ್ಮ ದೇಶಕ್ಕೆ ಬರ್ತೀನಿ ಅನ್ನುವವರು ಇಲ್ಲೇ ಉಳಿದುಕೊಳ್ಳೋಕೆ ಬರ್ತಿದ್ದಾರೆ ಅಂತಲೇ ಮೊದಲು ಭಾವಿಸಬೇಕು, ಅಲ್ಲ ಅಂತ ತೋರಿಸಿಕೊಡೋದು ಬರುವವರ ಜವಾಬ್ದಾರಿ. ನಮ್ಮ ಕೋರ್ಟುಗಳಲ್ಲಿ ಕೊಲೆ ಆರೋಪಿಯನ್ನೂ ಸಾಬೀತಾಗುವವರೆಗೆ ನಿರಪರಾಧಿ ಅಂತೀವಿ. ಇಲ್ಲಿ ಉಲ್ಟಾ. ತೋರಿಸಿಕೊಡೋದಕ್ಕೆ ಸಿಗೋದು ಎರಡೋ ಮೂರೋ ನಿಮಿಷ, ಗಾಜಿನ ಈಚೆ ನಿಂತು. ಕಾರಣ ಏನು ಅಂತ ಬಿಡಿಸಿ ಹೇಳಲ್ಲ, ಸೆಕ್ಷನ್ ನಂಬರ್ ಇರೋ ಒಂದು ಹಾಳೆ ಕೊಡ್ತಾರೆ. ಮೇಲ್ಮನವಿ ಇಲ್ಲ. ಮತ್ತೆ ಅರ್ಜಿ ಹಾಕಬಹುದು, ಮತ್ತೆ ದುಡ್ಡು ಕಟ್ಟಿ. 2023ರ ಜೂನ್‌ನಿಂದ ಶುಲ್ಕ 185 ಡಾಲರ್, ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರದ ಆಸುಪಾಸು. ವೀಸಾ ಸಿಗಲಿ ಬಿಡಲಿ, ಕಟ್ಟಿದ್ದು ವಾಪಸ್ ಬರಲ್ಲ.

ಪಾಸ್‌ಪೋರ್ಟ್ ಇದೆಯಲ್ಲ ಸ್ವಾಮಿ, ಅದು ಇದ್ದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ವಿದೇಶಕ್ಕೆ ಹೋಗೋದು ಸಂವಿಧಾನದ 21ನೇ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಸೇರಿದೆ ಅಂತ ನಮ್ಮ ಸುಪ್ರೀಂ ಕೋರ್ಟ್ 1967ರಲ್ಲಿ, ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿತು. ಅದಾದ ಮೇಲೆ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಅಂದ್ರೆ ನಮ್ಮ ಮನೆಯಿಂದ ಹೊರಗೆ ಕಾಲಿಡೋದು ನಮ್ಮ ಹಕ್ಕು. ಆದರೆ ಇನ್ನೊಬ್ಬರ ಮನೆಯೊಳಗೆ ಹೋಗೋದು ಹಕ್ಕಲ್ಲ, ಅದು ಅವರ ಮರ್ಜಿ. ನಾವೇನು ಕಮ್ಮಿಯಾ? ಪಾಕಿಸ್ತಾನದಿಂದ ಬರೋ ನೆಂಟರಿಗೆ ಯಾವ ಯಾವ ಊರಿಗೆ ಹೋಗಬಹುದು ಅಂತ ನಾವೂ ವೀಸಾದಲ್ಲೇ ಬರೆದು ಕೊಟ್ಟಿದ್ದೀವಿ, ಪೊಲೀಸ್ ಸ್ಟೇಷನ್‌ನಲ್ಲಿ ಹಾಜರಿ ಹಾಕಿಸಿದ್ದೀವಿ.

ಯುರೋಪಿನ ದಾರಿ ಬೇರೆ. ಷೆಂಗೆನ್ ವೀಸಾಕ್ಕೆ ಮಾತಿಗಿಂತ ಕಾಗದ ಮುಖ್ಯ. ಮೂವತ್ತು ಸಾವಿರ ಯೂರೋ ಮೊತ್ತದ ವಿಮೆ, ಹೋಟೆಲ್ ಬುಕಿಂಗ್, ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಒಂದು ಒಳ್ಳೆ ಸುದ್ದಿಯೂ ಇದೆ: ಮೂರು ವರ್ಷದೊಳಗೆ ಎರಡು ಸಲ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು ಕೊಡುವ ಪದ್ಧತಿ 2024ರಲ್ಲಿ ಬಂತು. ಥಾಯ್ಲೆಂಡ್, ಮಲೇಷ್ಯಾ 2023ರ ಕೊನೆಯಲ್ಲಿ ನಮಗೆ ವೀಸಾನೇ ಬೇಡ ಅಂದವು. ಆದರೆ ಚಿಕ್ಕಮ್ಮನ ಮಗಳು ಥಾಯ್ಲೆಂಡ್‌ನಲ್ಲಿ ಇಲ್ಲವಲ್ಲ.

ಸರಿ, ಅರ್ಜಿಗೆ ಬರೋಣ. ಇನ್ನೂ ಮೂರು ವಾರ ಟೈಮ್ ಇತ್ತು. ಒಂದು ಭಾನುವಾರ ಕೂತು ಹೊಸ ಅರ್ಜಿ ತುಂಬಿದೆವು. ಮಗಳು ಇದ್ದಾಳೆ, ಇಂಥ ಊರು, ಇಂಥ ವೀಸಾದಲ್ಲಿದ್ದಾಳೆ. ಉದ್ದೇಶ: ಮಗಳ ಹೆರಿಗೆ ಸಮಯದಲ್ಲಿ ಜೊತೆಗಿರೋದು. ಖರ್ಚು: ಮಗಳು, ಅಳಿಯ. ಅಕೌಂಟಿನಲ್ಲಿ ಎಷ್ಟಿದೆಯೋ ಅಷ್ಟು. ಹೊಸ ಅರ್ಜಿಯ ಬಾರ್‌ಕೋಡ್ ನಂಬರನ್ನ ಅಪಾಯಿಂಟ್‌ಮೆಂಟ್‌ಗೆ ಜೋಡಿಸಿದೆವು. ಒಂದು ಪೈಸೆ ಹೆಚ್ಚಿಗೆ ಖರ್ಚಾಗಲಿಲ್ಲ. ಏಜೆಂಟ್‌ಗೆ ಕೊಟ್ಟಿದ್ದ ಮೂವತ್ತು ಸಾವಿರ ಹೋಗಿದ್ದು ಹೋಯ್ತು.

ಅಷ್ಟು ದುಡ್ಡು ಯಾಕೆ ಕೊಟ್ಟೆ ಅಂತ ಬೈದೆ. "ಡೇಟು ಬೇಗ ಕೊಡಿಸ್ತೀನಿ ಅಂದ ಕಣಪ್ಪಾ. ಹೆರಿಗೆ ಕಾಯ್ತದಾ?" ಅಂದರು. ನನ್ನ ಬಾಯಿ ಕಟ್ಟಿತು. ಕೋವಿಡ್ ಆದ ಮೇಲೆ, 2022ರಲ್ಲಿ, ಈ ಸಂದರ್ಶನಕ್ಕೆ ಕಾಯುವ ಅವಧಿ ಭಾರತದಲ್ಲಿ 500 ದಿನ ದಾಟಿತ್ತು. ಗರ್ಭ ಒಂಬತ್ತು ತಿಂಗಳು, ಕ್ಯೂ ಒಂದೂವರೆ ವರ್ಷ! ಆ ಸಂದಿಯಲ್ಲೇ ಏಜೆಂಟರು ಬೆಳೆಯೋದು. ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಸ್ಲಾಟ್‌ಗಳನ್ನ ಬಾಚಿಕೊಂಡು ಮಾರ್ತಾರೆ. 2025ರ ಮಾರ್ಚ್‌ನಲ್ಲಿ ಹೀಗೆ ಹಿಡಿದಿಟ್ಟಿದ್ದ ಸುಮಾರು 2,000 ಅಪಾಯಿಂಟ್‌ಮೆಂಟ್‌ಗಳನ್ನ ಅಮೆರಿಕದ ರಾಯಭಾರ ಕಚೇರಿಯೇ ರದ್ದು ಮಾಡಿತು. ರದ್ದಾದಾಗ ತಾರೀಖು ಕಳಕೊಂಡವರು ಯಾರು? ದುಡ್ಡು ಕೊಟ್ಟು ಕೂತಿದ್ದ ಇಂಥ ಚಿಕ್ಕಮ್ಮಂದಿರೇ.

ಚೆನ್ನೈಗೆ ನಾನೇ ಕರಕೊಂಡು ಹೋದೆ. ಒಂದು ದಿನ ಬೆರಳಚ್ಚು, ಫೋಟೋ. ಮಾರನೇ ದಿನ ಸಂದರ್ಶನ. ಜೆಮಿನಿ ಫ್ಲೈಓವರ್ ಪಕ್ಕದ ಆ ಫುಟ್‌ಪಾತ್ ಮೇಲೆ ಬೆಳಗ್ಗೆ ಹೋಗಿ ನೋಡಬೇಕು ನೀವು. ನಮ್ಮ ಕಡೆಯ ಎಷ್ಟು ಅಪ್ಪ ಅಮ್ಮಂದಿರು! ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರಲ್ಲಿ ಪಹಣಿ, ಎಫ್‌ಡಿ ಬಾಂಡು, ಮದುವೆ ಫೋಟೋ. ಒಬ್ಬರು ಮನೆ ಕಂದಾಯದ ರಸೀದಿ ತಂದಿದ್ದರು, ಹದಿನೈದು ವರ್ಷದ್ದು, ಪಿನ್ ಹೊಡೆದು. ಬಾಯಲ್ಲಿ ಪಾಠ ಒಪ್ಪಿಸಿಕೊಳ್ತಿದ್ದರು. ಪರೀಕ್ಷೆ ಹಾಲ್ ಮುಂದೆ ಎಸ್ಸೆಸ್ಸೆಲ್ಸಿ ಮಕ್ಕಳು ನಿಂತಿರ್ತಾರಲ್ಲ, ಹಾಗೆ.

ಚಿಕ್ಕಮ್ಮ ಒಳಗೆ ಹೋಗಿ ಎರಡು ಗಂಟೆ ಕಳೆದು ಬಂದರು. ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರನ್ನ ನಿಲ್ಲಿಸಿ ಕೇಳಿದರಂತೆ. ಯಾಕೆ ಹೋಗ್ತೀರಿ? ಮಗಳ ಬಾಣಂತನಕ್ಕೆ. ಎಷ್ಟು ದಿನ? ಮಗುವಿಗೆ ಮೂರು ತಿಂಗಳು ತುಂಬೋವರೆಗೆ. ಯಜಮಾನರು ಬರಲ್ವಾ? ಇಲ್ಲ, ಅವರು ಬಂದ್ರೆ ಹಸು ನೋಡೋರು ಯಾರು, ಒಂದು ಹಸು ಗಬ್ಬ ಬೇರೆ. ಅಷ್ಟೇ. ಪಾಸ್‌ಪೋರ್ಟ್ ಒಳಗೇ ಇಟ್ಟುಕೊಂಡರು. ಅಂದ್ರೆ ವೀಸಾ ಆಯ್ತು ಅಂತ. "ಅಷ್ಟು ದಪ್ಪ ಫೈಲು ಹೊತ್ಕೊಂಡು ಹೋಗಿದ್ದೆ, ಒಂದು ಹಾಳೇನೂ ಕೇಳಲಿಲ್ಲ ಕಣಪ್ಪಾ" ಅಂತ ಚಿಕ್ಕಮ್ಮನಿಗೆ ಅದೇ ಬೇಜಾರು.

ನಿಜ ಹೇಳಿದವರಿಗೆಲ್ಲ ವೀಸಾ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. ಕಂದಾಯದ ರಸೀದಿ ತಂದಿದ್ದರಲ್ಲ, ಅವರು ಪಾಸ್‌ಪೋರ್ಟ್ ವಾಪಸ್ ಹಿಡಿದುಕೊಂಡು ಹೊರಗೆ ಬಂದರು. ಜೊತೆಗೆ ಆ ಒಂದು ಹಾಳೆ. ಓದಿ ಹೇಳಿ ಸಾರ್ ಅಂದರು. ಓದಿದೆ. 214(ಬಿ). ಇದು ಕೊನೆಯಲ್ಲ, ಪರಿಸ್ಥಿತಿ ಬದಲಾದಾಗ ಮತ್ತೆ ಹಾಕಬಹುದು, ಆದರೆ ಹಿಂದೆ ನಿರಾಕರಿಸಿದ್ದಾರಾ ಅಂತ ಕೇಳಿದರೆ ಹೌದು ಅಂತಲೇ ಬರೀರಿ, ಅವರ ಕಂಪ್ಯೂಟರ್‌ನಲ್ಲಿ ಇದ್ದೇ ಇರುತ್ತೆ ಅಂದೆ. "ನಾನು ಮೇಷ್ಟ್ರಾಗಿದ್ದವನು ಸಾರ್, ಅಲ್ಲಿ ಹೋಗಿ ಕದ್ದು ಕೂರ್ತೀನಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಬಂದಿದ್ದು ಶಿವಮೊಗ್ಗದಿಂದ. ಶಿವಮೊಗ್ಗದಿಂದ ಬೆಂಗಳೂರು, ಬೆಂಗಳೂರಿಂದ ಚೆನ್ನೈ, ಲಾಡ್ಜು, ಆಟೋ. ಅರವತ್ತೆಂಟು ವರ್ಷದ ಮನುಷ್ಯ. ಇಡೀ ಅಮೆರಿಕಕ್ಕೆ ಸಾಫ್ಟ್‌ವೇರ್ ಬರೆದುಕೊಡುವ ಬೆಂಗಳೂರಿಂದ ಅಮೆರಿಕದ ವೀಸಾಕ್ಕೆ ಪಕ್ಕದ ರಾಜ್ಯಕ್ಕೆ ಹೋಗಬೇಕು ಅನ್ನೋದು ಇಷ್ಟು ವರ್ಷದ ಕಥೆ. 2025ರ ಜನವರಿ 17ರಂದು ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ವಿದೇಶಾಂಗ ಸಚಿವ ಜೈಶಂಕರ್ ಅವರೇ ಬಂದಿದ್ದರು. ನಾವೂ ನೇರಪ್ರಸಾರ ಮಾಡಿದ್ವಿ, ಖುಷಿಪಟ್ವಿ. ಆದರೆ ಉದ್ಘಾಟನೆ ಆದ ಕೂಡಲೇ ಅಲ್ಲಿ ವೀಸಾ ಸಂದರ್ಶನ ಶುರುವಾಗಲಿಲ್ಲ. ನಮ್ಮ ಸಂಸದರು ದೆಹಲಿಯಲ್ಲಿ ಕೂತು ಆಗಲೇ ಕೇಳಬೇಕಾಗಿದ್ದ ಪ್ರಶ್ನೆ ಇದು: ಬೋರ್ಡು ಬಂತು, ಕೌಂಟರ್ ಯಾವಾಗ?

ಇನ್ನೊಂದು ವಿಷಯ, ಬಹಳ ಜನ ಎಡವೋದು ಇಲ್ಲಿ. ಪಾಸ್‌ಪೋರ್ಟ್ ಮೇಲೆ ಹತ್ತು ವರ್ಷದ ವೀಸಾ ಅಂಟಿಸಿ ಕಳಿಸ್ತಾರೆ. ಹತ್ತು ವರ್ಷ ಅಲ್ಲೇ ಇರಬಹುದು ಅಂತಲ್ಲ. ಅಷ್ಟು ವರ್ಷ ಹೋಗಿ ಬಾಗಿಲು ತಟ್ಟಬಹುದು ಅಂತ. ಎಷ್ಟು ದಿನ ಇರಬಹುದು ಅನ್ನೋದನ್ನ ಅಲ್ಲಿ ವಿಮಾನ ಇಳಿದ ಮೇಲೆ ಕೌಂಟರ್‌ನಲ್ಲಿರೋ ಅಧಿಕಾರಿ ತೀರ್ಮಾನಿಸ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು ಐ-94 ಅನ್ನೋ ದಾಖಲೆಯಲ್ಲಿ ಇರುತ್ತೆ. ಮಕ್ಕಳಿಗೆ ಹೇಳಿ ಆನ್‌ಲೈನ್‌ನಲ್ಲಿ ತೆಗೆಸಿ ನೋಡಿಕೊಳ್ಳಿ. ಅದನ್ನ ದಾಟಿದರೆ ಹತ್ತು ವರ್ಷದ ವೀಸಾವೂ ಹೋಯ್ತು.

ಚಿಕ್ಕಮ್ಮನಿಗೂ ಆರು ತಿಂಗಳು ಕೊಟ್ಟಿದ್ದರು. ಒಣಶುಂಠಿ, ಮೆಣಸು, ಕೊಬ್ಬರಿ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಕೊಂಡು ಹೋದವರು ನಾಲ್ಕೇ ತಿಂಗಳಿಗೆ ವಾಪಸ್ ಬಂದರು. ಏರ್‌ಪೋರ್ಟ್‌ನಿಂದ ಕರಕೊಂಡು ಬರುವಾಗ, ಇನ್ನೂ ಎರಡು ತಿಂಗಳು ಇರಬಹುದಿತ್ತಲ್ಲ ಚಿಕ್ಕಮ್ಮ ಅಂದೆ. ಮೊಮ್ಮಗಳ ಫೋಟೋ ತೋರಿಸ್ತಾ ಇದ್ದವರು ಫೋನ್ ಕೆಳಗಿಟ್ಟು, "ನಿಮ್ಮ ಚಿಕ್ಕಪ್ಪ ಡೈರಿಗೆ ಹಾಲು ಹಾಕೋದೇ ಬಿಟ್ಟವ್ರಂತೆ, ಮೊದ್ಲು ಊರಿನ ಬಸ್ ಎಷ್ಟೊತ್ತಿಗೈತೆ ನೋಡು" ಅಂದರು.