ಮನೆಯ ಹಿರಿಯರಿಗೂ ವೈದ್ಯರು ಸಿಗಲಿ



ಹಸು ಒಂದು ಹೊತ್ತು ಮೇವು ಬಿಟ್ಟರೆ ಕೂಡಲೇ ನಮಗೆ ಹೇಳಿ ಕಳುಹಿಸುತ್ತೀರಿ. ಒಳ್ಳೆಯದೇ. ಆದರೆ ಅಜ್ಜಿ ವಾರದಿಂದ ಸರಿಯಾಗಿ ಉಣ್ಣದಿದ್ದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಿರುತ್ತೇವೆ.

ಸಹಕಾರಿಗಳಿಗೆಂದು 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿತು. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೆ ಅದು ಆಸರೆ. ದಿನವೂ ನುಂಗುವ ಬಿ.ಪಿ. ಮಾತ್ರೆಯ ಖರ್ಚನ್ನು ಅದು ಕೊಡದು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಅಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಉಚಿತ.

ಆದುದರಿಂದ ಪ್ರತಿ ವರ್ಷ ನವೀಕರಿಸುವಾಗ ಹಿರಿಯರ ಹೆಸರನ್ನೂ ಸಂಘದಲ್ಲಿ ತಪ್ಪದೆ ಬರೆಸಿರಿ. ತಿಂಗಳಿಗೊಮ್ಮೆ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕಾರ್ಡು ಪೆಟ್ಟಿಗೆಯಲ್ಲಿದ್ದರೆ ಸಾಲದು. ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವವರು ಮನೆಯಲ್ಲಿರಬೇಕು.