ಉಡದಾರದಿಂದ ಪಟಾಪಟಿ ಚಡ್ಡಿಯವರೆಗೆ



ಗದಗ ತಾಲೂಕಿನ ಸೊರಟೂರ ಇತಿಹಾಸದ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಒಂದು ಯುದ್ಧದ ಕಾರಣಕ್ಕಾಗಿ. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಸೇವುಣರ ಐದನೆಯ ಭಿಲ್ಲಮನ ದಂಡನ್ನು ಸೋಲಿಸಿದ್ದು ಇಲ್ಲಿ. ಯಾರು ಗೆದ್ದರು, ಯಾವ ಸೀಮೆ ಯಾರ ಪಾಲಾಯಿತು ಎಂಬುದನ್ನು ಶಾಸನಗಳಿಂದ ತಿಳಿಯಬಹುದು. ಆದರೆ ಕಾದಾಡಿದ ಸಾಮಾನ್ಯ ಸೈನಿಕ ಸೊಂಟಕ್ಕೆ ಏನು ಬಿಗಿದಿದ್ದ ಎಂದು ತಿಳಿಯಬೇಕಾದರೆ ಶಾಸನ ಬಿಟ್ಟು ವೀರಗಲ್ಲುಗಳ ಕಡೆ ಹೋಗಬೇಕು. ಈ ಭಾಗದ ಅನೇಕ ಊರುಗಳ ಅಗಸಿಯಲ್ಲಿ, ಗುಡಿಯ ಪೌಳಿಯಲ್ಲಿ ನಿಂತಿರುವ ಆ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ವೀರ ಕತ್ತಿ ಹಿಡಿದು ನಿಂತಿರುತ್ತಾನೆ. ತುಂಡು ಬಟ್ಟೆಯನ್ನು ತೊಡೆಗಳ ನಡುವೆ ಹಾಯಿಸಿ ಹಿಂದಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿರುತ್ತಾನೆ. ಇದೇ ಕಾಸೆ. ವೀರಭದ್ರನ ಕುಣಿತಕ್ಕೆ ವೀರಗಾಸೆ ಎಂಬ ಹೆಸರು ಬಂದದ್ದೂ ಹೀಗೆ ಕಾಸೆ ಬಿಗಿಯುವ ರೀತಿಯಿಂದಲೇ.

ಸುತ್ತಿ ಉಡುವ ಬಟ್ಟೆಯ ಒಳಗೆ ಗಂಡಸು ಏನು ಧರಿಸಬೇಕು ಎಂಬ ಪ್ರಶ್ನೆ ಕೇಳಿದ ಕೂಡಲೆ ಜನ ನಗುತ್ತಾರೆ. ನಗು ಸಹಜ. ಆದರೆ ಈ ಪ್ರಶ್ನೆಗೆ ಕನ್ನಡ ನಾಡು ನೂರಾರು ವರ್ಷ ತಲೆ ಕೆಡಿಸಿಕೊಂಡು ಒಳ್ಳೆಯ ಉತ್ತರಗಳನ್ನು ಕಂಡುಕೊಂಡಿತ್ತು. ಕಳೆದ ಎರಡು ಮೂರು ತಲೆಮಾರುಗಳಲ್ಲಿ ಆ ಉತ್ತರಗಳನ್ನು ಮರೆತ ಫಲವನ್ನು ಇಂದು ಚರ್ಮವೈದ್ಯರ ಬಾಗಿಲಲ್ಲಿ ಕಾಣಬಹುದು.

ಗಂಡಸಿನ ಸುತ್ತುಬಟ್ಟೆಯಲ್ಲಿ ಎರಡು ಪಂಗಡಗಳಿವೆ. ಕಚ್ಚೆ ಇರುವುದು ಒಂದು, ಕಚ್ಚೆ ಇಲ್ಲದ್ದು ಇನ್ನೊಂದು. ಧಾರವಾಡ, ಗದಗ, ಹಾವೇರಿಗಳ ಕಡೆಯ ಧೋತರ ಮೊದಲನೆಯ ಪಂಗಡದ್ದು. ನಾಲ್ಕೂವರೆ ಮೀಟರಿನಷ್ಟು ಉದ್ದದ ಬಟ್ಟೆಯ ನಡುಭಾಗವನ್ನು ಬೆನ್ನಿಗೆ ಹಿಡಿದು, ಎರಡೂ ಸೆರಗುಗಳನ್ನು ಮುಂದೆ ತಂದು ಸೊಂಟಕ್ಕೆ ಬಿಗಿಯುತ್ತಾರೆ. ಒಂದು ಸೆರಗು ನಿರಿಗೆಯಾಗಿ ಮುಂದೆ ಇಳಿಯುತ್ತದೆ. ಇನ್ನೊಂದು ಕಾಲುಗಳ ನಡುವೆ ಹಾಯ್ದು ಹಿಂದೆ ಸಿಕ್ಕುತ್ತದೆ. ಹೀಗೆ ಉಟ್ಟ ಧೋತರ ಹೊಲಿಗೆಯಿಲ್ಲದ ಪಾಯಿಜಾಮವೇ ಸರಿ. ಕೂತರೂ, ಎತ್ತಿನ ಹಿಂದೆ ನಡೆದರೂ, ಚಕ್ಕಡಿ ಹತ್ತಿದರೂ ಮಾನಕ್ಕೆ ಕುಂದಿಲ್ಲ. ಹೊರಬಟ್ಟೆಯೇ ಒಳಬಟ್ಟೆಯ ಅರ್ಧ ಕೆಲಸ ಮಾಡಿಬಿಡುತ್ತದೆ. ಕಚ್ಚೆಯ ಬಿಗಿಯೇ ನಡತೆಯ ಬಿಗಿಯೂ ಆದ್ದರಿಂದ, ಹೆಣ್ಣಿನ ವಿಷಯದಲ್ಲಿ ಸಡಿಲನಾದವನನ್ನು ಕಚ್ಚೆಹರುಕ ಎಂದು ಬೈಯುವ ರೂಢಿ ಬಂತು.

ಎರಡನೆಯ ಪಂಗಡಕ್ಕೆ ಸೇರಿದ್ದು ಕರಾವಳಿಯ ಮುಂಡು, ಅಡ್ಡ ಸುತ್ತಿದ ಪಂಚೆ, ಎಲ್ಲೆಡೆ ಬಳಕೆಯಲ್ಲಿರುವ ಲುಂಗಿ. ಇವು ನಿಜಕ್ಕೂ ಲಂಗದ ಜಾತಿಯ ಉಡುಪುಗಳು. ಕೆಳಗೆ ತೆರೆದಿರುತ್ತವೆ. ಗಾಳಿಯಾಡುತ್ತದೆ, ಬೆವರು ಆರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿಯ ಹತ್ತಿರ ಹೋಗುವ ಬಯಲುಸೀಮೆಯಲ್ಲಿ ಇದಕ್ಕಿಂತ ಹಿತವಾದ ಉಡುಪು ಬೇರೆ ಇಲ್ಲ. ಆದರೆ ಗಾಳಿ ಬರುವ ದಾರಿಯಲ್ಲೇ ಮುಜುಗರವೂ ಬರುತ್ತದೆ. ಕಟ್ಟೆಯ ಮೇಲೆ ಕೂತಾಗ, ಏಣಿ ಹತ್ತಿದಾಗ, ಮೊಳಕಾಲ ಮೇಲೆ ಎತ್ತಿ ಕಟ್ಟಿದಾಗ ಒಳಗೊಂದು ಬಟ್ಟೆ ಬೇಕೇ ಬೇಕು. ಆ ಬಟ್ಟೆ ಮಾನ ಕಾಯಬೇಕು, ಅಂಗಕ್ಕೆ ಆಧಾರ ಕೊಡಬೇಕು, ತೊಡೆಗಳು ಉಜ್ಜದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿಯೂ ಲುಂಗಿಯ ಗಾಳಿಯನ್ನು ತಡೆಯಬಾರದು.

ಈ ಲೆಕ್ಕಕ್ಕೆ ಹಳಬರು ಕೊಟ್ಟ ಮೊದಲ ಉತ್ತರ ಉಡದಾರ ಮತ್ತು ಲಂಗೋಟಿ. ಗಂಡುಮಗುವಿನ ಸೊಂಟಕ್ಕೆ ಎಳೆತನದಲ್ಲೇ ಉಡದಾರ ಬೀಳುತ್ತದೆ. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಇಲ್ಲದವರಲ್ಲಿ ನೂಲಿನದು. ಇದನ್ನು ಬರಿಯ ಶಾಸ್ತ್ರವೆಂದು ತಿಳಿದವರೇ ಹೆಚ್ಚು. ಉಡಿಗೆಯ ಲೆಕ್ಕದಲ್ಲಿ ಅದೊಂದು ನಡುಪಟ್ಟಿ. ಗೇಣಗಲದ ಬಟ್ಟೆಯ ಒಂದು ತುದಿಯನ್ನು ಮುಂದೆ ದಾರಕ್ಕೆ ಸಿಕ್ಕಿಸಿ, ಕಾಲ ನಡುವೆ ತಂದು, ಇನ್ನೊಂದು ತುದಿಯನ್ನು ಹಿಂದೆ ದಾರದೊಳಗೆ ತೂರಿಸಿದರೆ ಲಂಗೋಟಿಯಾಯಿತು. ಹೊಲಿಗೆಯಿಲ್ಲ, ಗುಂಡಿಯಿಲ್ಲ, ರಬ್ಬರಿನ ಪಟ್ಟಿಯಿಲ್ಲ. ಹೊಟ್ಟೆ ಬಂದರೂ ಕರಗಿದರೂ ಅಳತೆ ತಪ್ಪುವುದಿಲ್ಲ. ತೊಡೆಯ ಸಂದಿನಲ್ಲಿ ದಪ್ಪ ಅಂಚು ಕೂರುವುದಿಲ್ಲ. ಹಳ್ಳದಲ್ಲಿ ಹಿಂಡಿ ಬಂಡೆಯ ಮೇಲೆ ಹರವಿದರೆ ಬುತ್ತಿ ಉಣ್ಣುವಷ್ಟರಲ್ಲಿ ಒಣಗಿರುತ್ತದೆ. ತಮಿಳರು ಕೋವಣಂ ಎಂದೂ ಮಲಯಾಳಿಗಳು ಕೋಣಕಂ ಎಂದೂ ಕರೆಯುವುದು ಈ ಬಟ್ಟೆಯನ್ನೇ. ಕಾಸರಗೋಡಿನ ಕಡೆಯ ಹವ್ಯಕರ ಮಾತಿನಲ್ಲಿ ಇದು ಕೋಮಣ.

ಈ ತುಂಡು ಬಟ್ಟೆ ಧರ್ಮದ ಮಾತಿನೊಳಗೂ ಹೊಕ್ಕಿದೆ. ಉಪನಯನದಲ್ಲಿ ವಟುವಿಗೆ ಕೌಪೀನ ಕೊಡುತ್ತಾರೆ. ಗದಗ ಸೀಮೆಯ ಮುಳಗುಂದ, ಲಕ್ಷ್ಮೇಶ್ವರಗಳು ಹಳೆಯ ಜೈನ ಕೇಂದ್ರಗಳು. ದಿಗಂಬರ ಜೈನರಲ್ಲಿ ಮುನಿಯಾಗುವ ಮುಂಚಿನ ಮೆಟ್ಟಿಲುಗಳನ್ನು ಬಟ್ಟೆಯ ಲೆಕ್ಕದಲ್ಲೇ ಗುರುತಿಸಬಹುದು. ಕ್ಷುಲ್ಲಕರಿಗೆ ಕೌಪೀನವೂ ಮೇಲೊಂದು ಬಟ್ಟೆಯೂ ಉಂಟು. ಐಲಕರಿಗೆ ಕೌಪೀನ ಮಾತ್ರ. ಮುನಿಯಾದ ಮೇಲೆ ಅದೂ ಇಲ್ಲ. ಮನುಷ್ಯ ಲೋಕದಲ್ಲಿ ಕಟ್ಟಕಡೆಗೆ ಬಿಡುವ ಆಸ್ತಿ ಲಂಗೋಟಿ ಎಂಬುದು ಇದರ ತಾತ್ಪರ್ಯ. ಕೌಪೀನವನ್ನು ಇಲಿ ಕಡಿಯುತ್ತದೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಆಕಳು ತಂದು, ಆಕಳಿನ ಆರೈಕೆಗೆ ಹೆಂಡತಿಯನ್ನು ತಂದು ಕೊನೆಗೆ ಸಂಸಾರದಲ್ಲಿ ಮುಳುಗಿದ ಸನ್ಯಾಸಿಯ ಕತೆ ಹಳ್ಳಿಯ ಮಕ್ಕಳಿಗೂ ಗೊತ್ತು.

ಲಂಗೋಟಿಗೆ ಹೆಚ್ಚಿನ ಗೌರವ ಸಿಕ್ಕ ಇನ್ನೊಂದು ಜಾಗ ಗರಡಿಮನೆ. ಪೈಲವಾನರದು ಹೊಲಿದ ಮುಮ್ಮೂಲೆಯ ಲಂಗೋಟಿ. ಲಾಡಿಯಿಂದ ಸೊಂಟಕ್ಕೆ ಬಿಗಿದು, ಬಾಲವನ್ನು ಕಾಲ ನಡುವೆ ತಂದು ಸಿಕ್ಕಿಸುತ್ತಾರೆ. ಕುಸ್ತಿಯ ಪಟ್ಟುಗಳಲ್ಲಿ ಅಂಗಕ್ಕೆ ಪೆಟ್ಟಾಗದಿರಲಿ ಎಂಬುದು ಉದ್ದೇಶ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬಿಗಿಯಾಗಿ ಲಂಗೋಟಿ ಕಟ್ಟಿದರೆ ಹರ್ನಿಯಾ ವಾಸಿಯಾಗುತ್ತದೆ ಎಂದು ನಂಬಿ ವರ್ಷಗಟ್ಟಲೆ ಕಟ್ಟಿಕೊಂಡೇ ಹೊಲಕ್ಕೆ ಹೋಗುವ ಹಿರಿಯರಿದ್ದಾರೆ. ಲಂಗೋಟಿ ಆಧಾರ ಕೊಟ್ಟೀತು, ಹರ್ನಿಯಾ ಗುಣ ಮಾಡದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಕರುಳು ಸಿಕ್ಕಿಕೊಂಡು ನೋವೆದ್ದ ಮೇಲೆ ಆಸ್ಪತ್ರೆಗೆ ಓಡುವುದು ಜೀವಕ್ಕೇ ಅಪಾಯ. ನಾಚಿಕೆಯಿಂದ ಆಗುವ ಹಾನಿಗೆ ಇದು ಮೊದಲ ಉದಾಹರಣೆ.

ಎರಡನೆಯ ಉತ್ತರ ಹೊಲಿದ ಚಡ್ಡಿ. ಉದ್ದುದ್ದ ಗೀರುಗಳ ದಪ್ಪ ಹತ್ತಿಬಟ್ಟೆ, ಸೊಂಟಕ್ಕೆ ಲಾಡಿ, ಮೊಳಕಾಲಿಗೆ ಸಮೀಪ ಬರುವ ಅಗಲ ಕಾಲು, ಬದಿಗೆ ಆಳವಾದ ಕಿಸೆ. ಇದೇ ಪಟಾಪಟಿ ಚಡ್ಡಿ. ಸಿನಿಮಾದವರು ಇದನ್ನು ಹಾಸ್ಯಕ್ಕೆ ಬಳಸಿಕೊಂಡರು. ಆದರೆ ಲುಂಗಿಯನ್ನು ಎತ್ತಿ ಕಟ್ಟಿ ದುಡಿಯುವವನಿಗೆ ಇದರಷ್ಟು ಹೊಂದುವ ಒಳಉಡುಪು ಇಲ್ಲ. ಕಾಲು ಉದ್ದವಾದ್ದರಿಂದ ತೊಡೆ ತೊಡೆಗೆ ಉಜ್ಜುವುದಿಲ್ಲ. ಅಗಲವಾದ್ದರಿಂದ ಗಾಳಿ ಸುಳಿಯುತ್ತದೆ. ಲುಂಗಿ ಜಾರಿದರೂ ಮಾನ ಜಾರುವುದಿಲ್ಲ. ಗೀರಿನ ಬಟ್ಟೆ ಹೊಲದ ಮಣ್ಣಿನ ಕಲೆಯನ್ನು ಮರೆಸುತ್ತದೆ. ಸಂತೆಯ ರೊಕ್ಕ, ಎಲೆಯಡಿಕೆಯ ಚಂಚಿ ಆ ಕಿಸೆಯಲ್ಲಿ ಭದ್ರ.

ಇದೇ ಸಮಸ್ಯೆಯನ್ನು ಎದುರಿಸಿದ ಇನ್ನೊಂದು ನಾಡು ಸ್ಕಾಟ್ಲೆಂಡ್. ಅಲ್ಲಿಯ ಗಂಡಸರ ಕಿಲ್ಟ್ ಎಂಬ ಉಣ್ಣೆಯ ನಿರಿಗೆ ಲಂಗ ಜಗತ್ಪ್ರಸಿದ್ಧ. ಅದರೊಳಗೆ ಏನೂ ಧರಿಸದಿರುವುದೇ ಪೌರುಷ ಎಂಬ ಮಾತು ಅಲ್ಲಿಯ ಸೈನ್ಯದಿಂದ ಹಬ್ಬಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಹಸ್ತಾಂತರವಾದಾಗ ಬ್ಲ್ಯಾಕ್ ವಾಚ್ ಪಡೆಯ ಸೈನಿಕನೊಬ್ಬನ ಕಿಲ್ಟನ್ನು ಗಾಳಿ ಹಾರಿಸಿತು. ಆ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. 2010ರಲ್ಲಿ ಸ್ಕಾಟಿಷ್ ಟಾರ್ಟನ್ಸ್ ಅಥಾರಿಟಿ ಎಂಬ ಸಂಸ್ಥೆಯ ಮುಖ್ಯಸ್ಥರೇ ಒಳಗೆ ಬಟ್ಟೆ ಧರಿಸುವುದು ಶುಚಿಗೂ ಸಭ್ಯತೆಗೂ ಒಳ್ಳೆಯದೆಂದು ಹೇಳಿದಾಗ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಬಾಡಿಗೆಗೆ ತಂದ ಕಿಲ್ಟುಗಳ ವಿಷಯದಲ್ಲಿ ಆ ಮಾತು ಇನ್ನೂ ಸತ್ಯ. ಸ್ಕಾಟರು ಈಗ ಚರ್ಚಿಸುತ್ತಿರುವುದನ್ನು ಗದಗಿನ ರೈತನ ಮುತ್ತಜ್ಜ ಒಂದು ದಾರ, ಒಂದು ತುಂಡು ಬಟ್ಟೆಯಲ್ಲಿ ಬಗೆಹರಿಸಿದ್ದ.

ವೈದ್ಯಶಾಸ್ತ್ರವೂ ಗಾಳಿಯ ಪರವಾಗಿಯೇ ಇದೆ. ವೃಷಣಗಳು ದೇಹದ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಿದ್ದರೆ ವೀರ್ಯಾಣುಗಳು ಚೆನ್ನಾಗಿ ಹುಟ್ಟುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 656 ಗಂಡಸರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಸಡಿಲ ಚಡ್ಡಿ ಧರಿಸುವವರ ವೀರ್ಯಾಣು ಸಾಂದ್ರತೆ ಬಿಗಿ ಒಳಉಡುಪಿನವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಹಾಗೆಂದು ಬಿಗಿ ಚಡ್ಡಿ ತೊಟ್ಟವರಿಗೆಲ್ಲ ಮಕ್ಕಳಾಗುವುದಿಲ್ಲ ಎಂದು ಅರ್ಥವಲ್ಲ.

ಹಾಗಾದರೆ ಬಿಗಿ ಚಡ್ಡಿ ಬಂದದ್ದು ಎಲ್ಲಿಂದ? ಇಂದಿನ ಮಾದರಿಯ ಗಿಡ್ಡ ಜಾಕಿ ಚಡ್ಡಿ ಮೊದಲು ಮಾರಾಟವಾದದ್ದು 1935ರಲ್ಲಿ, ಅಮೆರಿಕದ ಶಿಕಾಗೋ ನಗರದ ಒಂದು ಅಂಗಡಿಯಲ್ಲಿ. ಅದು ಚಳಿನಾಡಿನ ಪ್ಯಾಂಟಿಗಾಗಿ ಹುಟ್ಟಿದ ಉಡುಪು. 1994ರಲ್ಲಿ ಆರಂಭವಾದ ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್ ಆ ಹೆಸರಿನ ಉಡುಪುಗಳನ್ನು ಭಾರತದಲ್ಲಿ ತಯಾರಿಸತೊಡಗಿತು. ತಿರುಪ್ಪೂರಿನ ಹೆಣಿಗೆ ಕಾರ್ಖಾನೆಗಳ ಅಗ್ಗದ ಮಾಲು ಹಳ್ಳಿಯ ಸಂತೆಗೂ ಬಂತು. ಪ್ಯಾಂಟಿನೊಳಗೆ ಅದು ಸರಿಯೇ. ಆದರೆ ಗಾಳಿಗಾಗಿಯೇ ಲುಂಗಿ ಉಟ್ಟು, ಒಳಗೆ ಬೆವರು ಹಿಡಿದಿಡುವ ನೈಲಾನು ಬೆರೆತ ಬಿಗಿ ಚಡ್ಡಿ ತೊಟ್ಟರೆ, ಕಿಟಕಿ ತೆರೆದು ಪರದೆಗೆ ಮೊಳೆ ಹೊಡೆದಂತೆ.

ಇದರ ಫಲ ತೊಡೆಯ ಸಂದಿನ ಗಜಕರ್ಣ. ಇದು ಬೂಷ್ಟಿನಿಂದ ಬರುವ ರೋಗ. ಬೆವರು, ಬಿಸಿ, ಉಜ್ಜಾಟ ಸಿಕ್ಕಲ್ಲಿ ಹಬ್ಬುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಇದು ಸುಲಭಕ್ಕೆ ಬಗ್ಗದ ರೋಗವಾಗಿದೆ. ಮುಖ್ಯ ಕಾರಣಗಳಲ್ಲೊಂದು, ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಚ್ಚುವ ಸ್ಟಿರಾಯಿಡ್ ಬೆರೆತ ಮುಲಾಮು. ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೆ ಬೂಷ್ಟು ಬೆಳೆಯುತ್ತಲೇ ಇರುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಹಾಗಿದ್ದರೂ ಜನ ಚೀಟಿ ಕೇಳದ ಅಂಗಡಿಗೇ ಹೋಗುತ್ತಾರೆ. ಆ ಜಾಗವನ್ನು ವೈದ್ಯರಿಗೆ ತೋರಿಸಲು ನಾಚಿಕೆ!

ಆರಿಸುವ ರೀತಿ ಸರಳ. ಧೋತರ, ಪಂಚೆ, ಲುಂಗಿ ಉಡುವವರಿಗೆ ನೇಯ್ದ ಹತ್ತಿಯ ಸಡಿಲ ಚಡ್ಡಿ ಒಳ್ಳೆಯದು. ನಡುತೊಡೆ ದಾಟುವ ಉದ್ದವಿರಲಿ. ಸೊಂಟಕ್ಕೆ ಲಾಡಿ ಇದ್ದರೆ ಚರ್ಮದ ಮೇಲೆ ಬರೆ ಬೀಳದು. ಕಾಲು ಕೂಡುವಲ್ಲಿ ದಪ್ಪ ಹೊಲಿಗೆ ಬೇಡ, ಅಲ್ಲಿ ಚೌಕದ ತುಂಡು ಕೂಡಿಸಿ ಹೊಲಿದರೆ ಕೂತೆದ್ದಾಗ ಎಳೆಯುವುದಿಲ್ಲ. ಊರ ದರ್ಜಿಗೆ ಹೇಳಿದರೆ ಇದು ಅರ್ಧ ಗಂಟೆಯ ಕೆಲಸ. ಆಧಾರ ಬೇಕೆನ್ನುವವರಿಗೆ ಲಂಗೋಟಿ ಇದ್ದೇ ಇದೆ, ಉಸಿರು ಕಟ್ಟುವಂತೆ ಬಿಗಿಯಬಾರದಷ್ಟೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ದಿನವೂ ಒಗೆದು ಬಿಸಿಲಿಗೆ ಒಣಹಾಕುವುದು. ಒಳಉಡುಪನ್ನು ಟಾವೆಲಿನ ಅಡಿಯಲ್ಲೋ ಬಚ್ಚಲಿನ ಕತ್ತಲ ಮೂಲೆಯಲ್ಲೋ ಮರೆಮಾಡಿ ಒಣಗಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಬೂಷ್ಟಿಗೆ ಬೇಕಾದದ್ದೂ ಆ ಹಸಿ ಕತ್ತಲೇ.

ಉಡುಪು ಆರೋಗ್ಯದ ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಹೌದು. 1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮದುರೆಯಲ್ಲಿ ತುಂಡು ಪಂಚೆಗೆ ಇಳಿದದ್ದು, ಬಡವನಿಗೆ ಇದ್ದಷ್ಟೇ ಬಟ್ಟೆ ತಮಗೂ ಸಾಕೆಂದು. ನೂರು ವರ್ಷ ಕಳೆದ ಮೇಲೆ, 2024ರ ಜುಲೈನಲ್ಲಿ, ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬೆಂಗಳೂರಿನ ಒಂದು ಮಾಲಿನ ಬಾಗಿಲಲ್ಲೇ ತಡೆದರು. ನಾಡೆಲ್ಲ ಕೆರಳಿತು. ಸರಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ತಮಿಳುನಾಡು 2014ರಷ್ಟು ಹಿಂದೆಯೇ ವೇಷ್ಟಿ ಉಟ್ಟವರನ್ನು ಸಾರ್ವಜನಿಕ ಸ್ಥಳಗಳಲ್ಲಿ ತಡೆಯಬಾರದೆಂದು ಕಾನೂನು ಮಾಡಿತ್ತು.

ಧೋತರ ಉಟ್ಟವನಿಗೆ ಬಾಗಿಲು ತೆರೆಸಲು ಕಾನೂನು ಸಾಕು. ಆದರೆ ಧೋತರದ ಒಳಗಿನ ಹಿತವನ್ನು ಕಾಯಲು ಕಾನೂನು ಬರುವುದಿಲ್ಲ. ಅದಕ್ಕೆ ಮನೆಯಲ್ಲಿ ತಂದೆ ಮಗನಿಗೆ, ಅಜ್ಜ ಮೊಮ್ಮಗನಿಗೆ ಸಂಕೋಚವಿಲ್ಲದೆ ನಾಲ್ಕು ಮಾತು ಹೇಳಬೇಕು. ಉಡದಾರ ಕಟ್ಟುವ ಕೈಗೆ ಅದು ಯಾತಕ್ಕೆಂದು ಹೇಳುವ ಬಾಯಿಯೂ ಇರಬೇಕು. ಅಂಗಳದ ಹಗ್ಗದ ಮೇಲೆ ಅಂಗಿಗೆ ಬೀಳುವ ಬಿಸಿಲು ಚಡ್ಡಿಗೂ ಬೀಳಲಿ.